ಹನ್ನೊಂದು ರುಜು

ಮಾತು ಅವಳದು, ಕುದುರೆ ನನ್ನದು ಎಂದು
ಹೊರಡುವ ಮೊದಲೇ ಹಂಚಿಕೊಂಡಿದ್ದೆವು.
ಚೆಸ್ಟರ್ ಸೀಮೆಯ ಸಭೆ ಬರೆದುಕೊಟ್ಟದ್ದು ಒಂದೇ ಹಾಳೆ:
‘ನಮ್ಮ ಗೆಳತಿ ಕೆಜಾಯಾ ಥಾರ್ನ್‌ಬರಿಗೆ
ದಕ್ಷಿಣದ ಗೆಳೆಯರನ್ನು ಕಾಣುವ ಭಾರ ಬಂದಿದೆ.
ನಡೆ ಚೊಕ್ಕ. ನಮ್ಮ ಒಪ್ಪಿಗೆ ಇದೆ.’
ಮೇಣಬಟ್ಟೆಯಲ್ಲಿ ಸುತ್ತಿ ಜೀನುಚೀಲದ ತಳಕ್ಕಿಟ್ಟೆ.
ಹೋದಲ್ಲೆಲ್ಲ ಸಭೆ ಮುಗಿದ ಮೇಲೆ ಅದರ ಬೆನ್ನಿಗೆ
ಆ ಊರ ಹಿರಿಯರ ರುಜು ಬೀಳಬೇಕು.

ಮೂರನೆಯ ತಿಂಗಳು. ತಿಂಗಳಿಗೆ, ದಿನಕ್ಕೆ
ಹಳೆಯ ದೇವರುಗಳ ಹೆಸರಿಡುವವರಲ್ಲ ನಾವು,
ಎಣಿಸುತ್ತೇವೆ ಅಷ್ಟೆ.
ಅವಳ ಮಗುವಿಗೆ ಏಳು ತುಂಬಿತ್ತು.
ಗಂಡ ಅಬ್ನರ್ ಅದನ್ನೆತ್ತಿಕೊಂಡು ಬೇಲಿಯ ತನಕ ಬಂದ,
ಏನೂ ಹೇಳಲಿಲ್ಲ.
ಏನೂ ಹೇಳದಿರುವುದರಲ್ಲಿ ಪಳಗಿದ ಜನ ನಾವು.
ಸಸ್ಕ್ವೆಹನ್ನಾ ದಾಟುವ ದೋಣಿಯಲ್ಲಿ
ಎದೆಗೆ ಬಟ್ಟೆ ಬಿಗಿದುಕೊಂಡಳು.
ಬೆನ್ನ ಹಿಂದೆ ಗಂಟು ಹಾಕಿದವಳು ನಾನು.

ವರ್ಜೀನಿಯಾದಲ್ಲಿ ಹಳ್ಳ ತುಂಬಿದ ರಾತ್ರಿ
ನ್ಯಾಯಾಧೀಶನೊಬ್ಬ ಕೊಟ್ಟಿಗೆಯಲ್ಲಿ ಜಾಗ ಕೊಟ್ಟ.
‘ನಿನಗೆ ಒಳ್ಳೆಯದಾಗಲಿ’ ಅಂದಳು ಕೆಜಾಯಾ.
ಅವನ ಹೆಂಡತಿಯ ಹುಬ್ಬು ಹಣೆಗೇರಿತು.
ದೊರೆಗೂ ನೀನು, ಹಂದಿ ಕಾಯುವವನಿಗೂ ನೀನು;
ಬಹುವಚನವೆಂದರೆ ನಮಗೆ ಲೆಕ್ಕ, ಮರ್ಯಾದೆಯಲ್ಲ.
ಬೆಳಗ್ಗೆ ಕುದುರೆಗೆ ಹುಲ್ಲಿರಲಿಲ್ಲ.

ಕೆಲವೆಡೆ ಅವಳು ಗಂಟೆಗಟ್ಟಲೆ ನುಡಿದಳು,
ಬೋನೆಟ್ಟಿನ ನೆರಳಲ್ಲಿ ಮುದುಕಿಯರು ಕಣ್ಣೊರೆಸಿಕೊಂಡರು.
ಕೆಲವೆಡೆ ಎದ್ದು, ಬೆಂಚು ಹಿಡಿದು ನಿಂತು, ಕೂತಳು.
ನಲವತ್ತು ಮೈಲಿ ನಡೆದುಬಂದಿದ್ದ ಮೋಚಿಯೊಬ್ಬ
ಬಾಗಿಲಲ್ಲಿ ತಡೆದು ಕೇಳಿದ: ಇಷ್ಟಕ್ಕೇ ಬಂದೆಯಾ?
‘ಇಷ್ಟೇ ಕೊಟ್ಟಿದ್ದು’ ಅಂದಳು.
ಅವನು ನನ್ನ ಹರಿದ ಬೂಟು ನೋಡಿ
ಪುಕ್ಕಟೆ ಹೊಲಿದುಕೊಟ್ಟ.

ಐದನೆಯ ವಾರ, ಪರ್ಕ್ವಿಮನ್ಸ್ ಹೊಳೆಯ ದಂಡೆ.
ಐಸಾಕ್ ಪ್ಲೆಡ್ಜರನ ಮನೆ; ಅವನೂ ಗೆಳೆಯ,
ಅವನದೂ ಬಣ್ಣವಿಲ್ಲದ ಕೋಟು, ಯಾರಿಗೂ ತೆಗೆಯದ ಹ್ಯಾಟು.
ಹಂದಿಮಾಂಸ, ಜೇನು, ನಮಗಾಗಿ ಗರಿಯ ಹಾಸಿಗೆ.
ದೀಪ ಹಿಡಿದು ಬಂದ ಹೆಂಗಸಿಗೆ ಹೆಸರೇನೆಂದೆ.
ಜೂಬಾ. ನಮ್ಮ ಎಣಿಕೆಯಲ್ಲಿ
ಎರಡನೆಯ ದಿನ ಹುಟ್ಟಿದವಳು.
ಅವಳು ಮೇಲಟ್ಟದಲ್ಲಿ ಐಸಾಕನ ಮಗುವಿಗೆ ಮೊಲೆಯೂಡುತ್ತಿದ್ದಾಗ
ಹಿತ್ತಿಲ ಗುಡಿಸಲಲ್ಲಿ ಇನ್ನೊಂದು ಅಳುತ್ತಿತ್ತು.
ಅಳುತ್ತಲೇ ಇತ್ತು.
ಬತ್ತಿತೆಂದುಕೊಂಡಿದ್ದೆವು; ಕತ್ತಲಲ್ಲಿ
ಕೆಜಾಯಾಳ ಅಂಗಿ ತೊಯ್ದ ವಾಸನೆ ಬಂತು.
ಗಂಟು ಬಿಚ್ಚಲೇ ಎಂದೆ. ಬೇಡ ಅಂದಳು.

ಮರುದಿನ ಸಭೆ. ಸೀಡರ್ ಹಲಗೆಯ ಗೋಡೆ, ಟಾರಿನ ಘಾಟು,
ಕಿಟಕಿಯಲ್ಲಿ ಒಂದು ಕಣಜ.
ನೆರಳು ಮೂರು ಬೆಂಚು ದಾಟಿದ ಮೇಲೆ ಎದ್ದಳು:
‘ಐಸಾಕ್, ನಿನ್ನೆ ರಾತ್ರಿ ನಾನು ಕೇಳಿದ್ದನ್ನು
ನೀನೂ ಕೇಳಿದೆ.’
ಕೂತಳು.
ಹಿರಿಯರು ಕೈ ಕುಲುಕಿ ಸಭೆ ಮುಗಿಸಿದರು.
ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ; ಮಸಿ ಇತ್ತು,
ಗರಿ ಇತ್ತು.
ಎಲ್ಲರಿಗೂ ಮನೆಯಲ್ಲಿ ಕೆಲಸವಿತ್ತು.

ಗುಡಿಸಲಿನ ಮಗು ಏನಾಯಿತೋ ನನಗೆ ಗೊತ್ತಿಲ್ಲ.
ಹೋಗಿ ನೋಡಬಹುದಿತ್ತು. ಜೀನು ಕಟ್ಟುತ್ತಿದ್ದೆ.

ಹತ್ತನೆಯ ತಿಂಗಳಲ್ಲಿ ಮರಳಿದೆವು.
ಮಗು ನಡೆಯುತ್ತಿತ್ತು, ಅಪ್ಪನ ಕಾಲು ಹಿಡಿದು.
ಕೆಜಾಯಾ ಕೆಸರಲ್ಲೇ ಮಂಡಿಯೂರಿ ಕೈ ಚಾಚಿದಳು.
ಅದು ನನ್ನ ಕುದುರೆಯನ್ನು ನೋಡಿ ನಕ್ಕಿತು.

ಮೊದಲ ದಿನ, ನಮ್ಮದೇ ಸಭೆಯಲ್ಲಿ
ಹಾಳೆಯನ್ನು ಬೆಳಕಿಗೆ ಹಿಡಿದು ಹಿರಿಯರು ಎಣಿಸಿದರು:
ಸಭೆ ಹನ್ನೆರಡು, ರುಜು ಹನ್ನೊಂದು.
ಎದ್ದಳು. ಕಾದೆವು.
ಆಚೆ ಗಂಡಸರ ಸಾಲಿನಲ್ಲಿ, ಅಬ್ನರನ ತೊಡೆಯ ಮೇಲೆ,
ಮಗು ಅಳಲು ಶುರುಮಾಡಿತು.
ಎಲ್ಲರಿಗೂ ಕೇಳಿಸಿತು.
ಕೆಜಾಯಾ ನಿಂತೇ ಇದ್ದಳು.