ಏರುಗಾಡಿಯ ಟಿಕೆಟ್ ಕಿಟಕಿಯಲ್ಲಿ

ವಾಲ್ಪರೈಸೊ ಬಂದರಿನ ಈ ಗುಡ್ಡದ ಬುಡದಲ್ಲಿ
ಹತ್ತೊಂಬತ್ತು ವರ್ಷದಿಂದ ಟಿಕೆಟ್ ಹರಿದು ಕೊಡುತ್ತಿದ್ದೇನೆ.
ಒಂದು ಗಾಡಿ ಏರಿದರೆ ಇನ್ನೊಂದು ಇಳಿಯಲೇಬೇಕು,
ಎರಡಕ್ಕೂ ಒಂದೇ ಹಗ್ಗ, ಉಕ್ಕಿನದು.
ತುದಿ ಮುಟ್ಟಲು ತೊಂಬತ್ತು ಸೆಕೆಂಡು.
ಆ ತೊಂಬತ್ತು ಸೆಕೆಂಡು ನನ್ನವು.

ಹದಿನಾರಕ್ಕೆ ಬಿಟ್ಟ ಪುಸ್ತಕ,
ಕಾರ್ಖಾನೆಯಲ್ಲಿ ಚಿಪ್ಪುಮೀನು ಬಿಡಿಸಲು ಹೋದಾಗ.
ನಲವತ್ತೇಳಕ್ಕೆ ಮತ್ತೆ ಹಿಡಿದೆ.
"ಈ ವಯಸ್ಸಿಗೆ ಯಾಕೆ, ಎಡುವಿಹಿಸ್?" ಅಂದರು.
ಅನ್ನಲಿ. ಊರ ಬಾಯಿಗೆ ಬೀಗವೆಲ್ಲಿದೆ.

ಮೊದಲು ಹಳದಿ ಪೆನ್ನು ಹಿಡಿದು
ಮುಖ್ಯವೆನಿಸಿದ್ದಕ್ಕೆಲ್ಲ ಬಳಿದೆ.
ಎಲ್ಲವೂ ಮುಖ್ಯವೆನಿಸಿತು.
ಪುಟಕ್ಕೆ ಪುಟ ಕಾಮಾಲೆ ಹಿಡಿದು ಮಲಗಿತು.
ಓದಿದೆ. ಮತ್ತೆ ಓದಿದೆ. ಮೂರನೆಯ ಸಲ
ಸಾಲುಗಳು ನನ್ನ ಕಂಡು ತಲೆದೂಗಿದವು,
ನಾನೂ ತಲೆದೂಗಿದೆ: ಗೊತ್ತು, ಗೊತ್ತು.
ಜುಲೈ ಪರೀಕ್ಷೆಯಲ್ಲಿ ಏಳಕ್ಕೆ ಮೂರು ಪಾಯಿಂಟ್ ಎರಡು.
ನಾಲ್ಕು ಬಂದರೆ ಪಾಸು.
ಅತ್ತೆನೆ? ಇಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ, ಅಷ್ಟೇ.

ಮರುದಿನ ಎಂಟು ಇಪ್ಪತ್ತರ ಗಾಡಿಗೆ
ಬೂದು ಟೋಪಿಯ ಮುದುಕ ಬಂದ, ಎಂದಿನಂತೆ.
ಹತ್ತೊಂಬತ್ತು ವರ್ಷದ ಮುಖ. ಕೆನ್ನೆಯ ಮಚ್ಚೆ ಗೊತ್ತು,
ಚಿಲ್ಲರೆ ಎಣಿಸುವ ಎಡಗೈ ಗೊತ್ತು.
ಹೆಸರು?
ಗೊತ್ತಿಲ್ಲ.
ಆಗ ಹೊಳೆಯಿತು ಜುಲೈ ಯಾಕೆ ಹಾಗಾಯಿತೆಂದು:
ಪಾಠಗಳು ದಿನಾ ನನ್ನ ಕಿಟಕಿ ಹಾದು ಹೋಗಿದ್ದವು,
ನಾನು ಬರೀ ಟಿಕೆಟ್ ಹರಿದು ಕೊಟ್ಟಿದ್ದೆ.

ಅಂದಿನಿಂದ, ಗಾಡಿ ಹೊರಟೊಡನೆ ಪುಸ್ತಕ ಮುಚ್ಚುತ್ತೇನೆ.
ಈಗ ಹೇಳು, ಕೋಶ ಒಡೆಯುವಾಗ ಮೊದಲು ಏನಾಗುತ್ತದೆ?
ತೊಂಬತ್ತರಲ್ಲಿ ಎಂಬತ್ತು ಸೆಕೆಂಡು
ಬತ್ತಿದ ಬಾವಿಗೆ ಕೊಡ ಇಳಿಸಿದ ಸದ್ದು.
ಆದರೆ ಕೆರೆದು ಕೆರೆದು ಮೇಲೆ ಬಂದ ಒಂದು ಬೊಗಸೆ
ವಾರ ಕಳೆದರೂ ಆರುವುದಿಲ್ಲ.
ಬಾರದ್ದನ್ನು ಹಳೆಯ ಟಿಕೆಟ್ಟಿನ ಬೆನ್ನಿಗೆ ಬರೆದು
ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ.
ಡಬ್ಬಿ ದಾಕ್ಷಿಣ್ಯ ನೋಡುವುದಿಲ್ಲ, ಬೇಗ ತುಂಬುತ್ತದೆ.

ಇಳಿಜಾರಿನ ಲೆಕ್ಕ ಮಾತ್ರ ಅದರಿಂದ ಹೊರಬರಲೊಲ್ಲದು.
ಎತ್ತರವನ್ನು ದೂರದಿಂದ ಭಾಗಿಸು, ಅನ್ನುತ್ತದೆ ಪುಸ್ತಕ,
ಇಳಿಜಾರಿನ ಬುಡದಲ್ಲೇ ಕೂದಲು ನರೆತವಳಿಗೆ!
ಕೊನೆಗೊಂದು ಭಾನುವಾರ ದರ್ಜಿಯ ಟೇಪು ಹಿಡಿದು
ಹಳಿಯ ಪಕ್ಕದ ಮೆಟ್ಟಿಲು ಅಳೆದೆ.
ಎತ್ತರ ಹದಿನೆಂಟು, ಅಗಲ ಇಪ್ಪತ್ತನಾಲ್ಕು.
ನಾಲ್ಕಕ್ಕೆ ಮೂರು.
ಅಯ್ಯೋ, ಇಷ್ಟೇನೇ ನೀನು?

ಫೋನಿನ ಕಥೆ ಬೇರೆ.
ಬೆಳಗ್ಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ
ಮೊದಲ ಗಾಡಿಯಲ್ಲಿ ಮೇಲಕ್ಕೆ ಕಳಿಸುತ್ತೇನೆ,
ಯಂತ್ರದ ಕೋಣೆಯ ಬಾಲ್ದೊಮೆರೊನ ಕೈಗೆ.
"ಏಳು ಗಂಟೆವರೆಗೆ ಕೊಡಬೇಡ. ನಾನೇ ಕೇಳಿದರೂ."
ಮೂರು ಗಂಟೆಗೆ ನಾನೇ ಕೇಳಿದೆ,
ಗೋಡೆಯ ಹಳೇ ಟೆಲಿಫೋನಿನಲ್ಲಿ, ಮಗಳ ನೆಪ ಹೂಡಿ.
ಆತ ಅಂದ: "ಬೆಳಗಿನ ಹೆಂಗಸು ಹೇಳಿ ಹೋಗಿದ್ದಾಳೆ,
ಮಧ್ಯಾಹ್ನದವಳನ್ನು ನಂಬಬೇಡ ಅಂತ."

ಇಬ್ಬರನ್ನೂ ಬಲ್ಲೆ.
ಒಬ್ಬಳು ಏರುವಾಗ ಇನ್ನೊಬ್ಬಳು ಇಳಿಯುತ್ತಿರುತ್ತಾಳೆ.
ನಡುದಾರಿಯಲ್ಲಿ ಕಿಟಕಿಗೆ ಕಿಟಕಿ ಎದುರಾದಾಗ
ಒಂದು ಗಳಿಗೆ, ಗುರುತಿನ ನಗೆ.
ಇಳಿಯುವವಳ ಭಾರವೇ ಏರುವವಳನ್ನು ಎಳೆಯುವುದು,
ಹಾಗಾಗಿ ಬಯ್ಯುವುದು ಬಿಟ್ಟಿದ್ದೇನೆ.

ಭಾನುವಾರ ಹೆಣೆದ ವೇಳಾಪಟ್ಟಿ ಬುಧವಾರಕ್ಕೆ ಹರಿದ ಬಲೆ.
ಮೊದಲೆಲ್ಲ ಬಲೆಯನ್ನೇ ಎಸೆಯುತ್ತಿದ್ದೆ.
ಈಗ ಗುರುವಾರ, ಅಂಗಡಿ ಮುಚ್ಚಿದ ಮೇಲೆ,
ಕೆಳಗಿನ ಬೆಸ್ತರಂತೆ ಹರಿದಲ್ಲಿ ಮಾತ್ರ ಗಂಟು ಹಾಕುತ್ತೇನೆ:
ಎರಡು ಗಂಟೆ ಎಂದಿದ್ದ ಕಡೆ ನಲವತ್ತು ನಿಮಿಷ.

ಪರೀಕ್ಷೆಗೆ ಇನ್ನು ಒಂಬತ್ತು ದಿನ.
ನಾಲ್ಕು ಬರಬಹುದು, ಬರದೆಯೂ ಇರಬಹುದು.
ನಿನ್ನೆ ಬೂದು ಟೋಪಿಯವನನ್ನು ತಡೆದು ಹೆಸರು ಕೇಳಿದೆ.
ಗಾಬರಿಯಾದ. ಆಮೇಲೆ ನಕ್ಕು ಹೇಳಿದ.
ಇವತ್ತು ಎಂಟು ಇಪ್ಪತ್ತಕ್ಕೆ ಎದುರು ನಿಂತು
"ಹೇಳಿ ನೋಡೋಣ" ಅಂದ.

ಮರೆತಿದ್ದೆ.
ಮತ್ತೆ ಕೇಳಿದೆ. ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡೆ.
ಡಬ್ಬಿಯ ಮುಚ್ಚಳ ತೆಗೆದೆ.