ಗೇಟಿನವನ ಪಂಚನಾಮೆ

ಇಪ್ಪತ್ತೊಂದು ವರ್ಷದಿಂದ ಟಿಕೆಟಿನ ಅರ್ಧ ಹರಿಯುವವನು ನಾನು.
ಪೂರ್ತಿ ಸಿನಿಮಾ ಒಂದೂ ನೋಡಿಲ್ಲ.
ಕೊನೆಯ ಹತ್ತು ನಿಮಿಷಕ್ಕೆ ಬಾಗಿಲ ಅಗುಳಿ ತೆಗೆಯುವಾಗ
ಪರದೆಯಲ್ಲಿ ಎಷ್ಟು ಕಂಡರೆ ಅಷ್ಟು.
ಉಳಿದದ್ದು ಹೊರಬರುವವರ ಬಾಯಲ್ಲಿ.

ಈ ವಾರದ್ದು ಪೊಲೀಸ್ ಪಿಚ್ಚರ್.
ಇನ್‌ಸ್ಪೆಕ್ಟರನ ಸೊಂಟದಲ್ಲಿ ಪಿಸ್ತೂಲಿದೆಯಂತೆ, ಮುಟ್ಟುವುದಿಲ್ಲವಂತೆ.
ಕಾಲೇ ಸಾಕಂತೆ ಅವನಿಗೆ.
ಬಂದರಿನಲ್ಲಿ, ಕ್ರೇನಿನ ಕೆಳಗೆ, ಮೂವತ್ತೆಂಟು ಜನರನ್ನು...
"ಮೂವತ್ತಾರು," ಅಂದ ಬೈತಖೋಲದ ಹುಡುಗ,
"ನಾನು ಎಣಿಸಿದ್ದೇನೆ. ಇಬ್ಬರು ಎರಡೆರಡು ಸಲ ಬಿದ್ದರು."

ಕೋಡಿಬಾಗದ ಕರಾಟೆ ಮಾಸ್ತರ ಸಾಂತಾನ್ ರೊಡ್ರಿಗೀಸ್
ಮೆಟ್ಟಿಲ ಮೇಲೆಯೇ ಚಪ್ಪಲಿ ಬಿಟ್ಟು ತೋರಿಸಿದರು:
"ನಿಂತ ಕಾಲು ನೋಡಬೇಕು, ಹಾರಿದ ಕಾಲಲ್ಲ.
ಹಿಮ್ಮಡಿ ಎದ್ದಿತ್ತು. ಸೊಂಟಕ್ಕೆ ಹಗ್ಗ ಇತ್ತು, ಆಮೇಲೆ ಅಳಿಸಿದ್ದಾರೆ.
ಆದರೆ ಆ ಮುದುಕ ಗುರು ಇದ್ದಾನಲ್ಲ,
ಕಸಬರಿಗೆ ಹಿಡಿದು ಒಮ್ಮೆ ತಿರುಗುತ್ತಾನೆ,
ಅದು ಸುಳ್ಳಲ್ಲ."
ಅಷ್ಟು ಹೇಳಿ ಚಪ್ಪಲಿ ಹುಡುಕಿದರು.
ಒಂದು ಯಾರದೋ ಕಾಲಿಗೆ ಸಿಕ್ಕಿ ಬೀದಿಗೆ ಇಳಿದಿತ್ತು.

ಕಾಲೇಜಿನ ಮೂವರು, ಒಂದೇ ಐಸ್‌ಕ್ರೀಮು.
"ನಾಯಕಿಗೂ ಬ್ಲಾಕ್ ಬೆಲ್ಟು ಅಂತ ಮೊದಲ ಹಾಡಲ್ಲಿ ತೋರಿಸಿದ್ರು,
ಆಮೇಲೆ ಅವಳ ಕೈಯಲ್ಲಿ ಬರೀ ಟಿಫಿನ್ ಕ್ಯಾರಿಯರ್!"
"ನನಗೆ ಇಷ್ಟ ಆಯ್ತಪ್ಪ," ಅಂದಳು ಕನ್ನಡಕದವಳು,
"ಸೀಟಿ ಹೊಡೆದು ಹೊಡೆದು ತುಟಿ ನೋಯ್ತಿದೆ."

ಮಾಜಾಳಿ ಚೆಕ್‌ಪೋಸ್ಟ್ ದಾಟಿ ದಿನವೂ ಗೋವೆಗೆ ಹೋಗಿಬರುವ ಒಬ್ಬ
(ಹೆಸರು ಬೇಡ, ಅವನ ಸ್ಕೂಟರಿನ ಸೀಟು
ಯಾಕೆ ಅಷ್ಟು ಎತ್ತರ ಅಂತ ಊರಿಗೇ ಗೊತ್ತು)
ನಕ್ಕು ನಕ್ಕು ಕೆಮ್ಮಿದ:
"ಸೂಟು ಹಾಕ್ಕೊಂಡು ಯಾರಾದ್ರೂ ಚಿನ್ನ ಸಾಗಿಸ್ತಾರನಾ ಮಾರಾಯ?
ಮೇಲೆ ಬಂಗಡೆ ಹರಡಬೇಕು, ಬಂಗಡೆ!"

ಬಂಗಡೆ ಅಂದದ್ದೇ ತಿರುಗಿದಳು ಶೇವಂತಿ ಹರಿಕಂತ್ರ.
"ಹನ್ನೊಂದು ಬುಟ್ಟಿ ಚೆಲ್ಲಿದ ನಿಮ್ಮ ಹೀರೋ.
ಹಾರಿದ, ಒದ್ದ, ಬುಟ್ಟಿ ಹೋಯ್ತು.
ಮತ್ತೆ ಹಾರಿದ, ಮತ್ತೊಂದು.
ಒಂದರಲ್ಲಿ ಇಸವಾಣ ಇತ್ತು, ಈ ತೋಳಿನಷ್ಟು!
ಒಬ್ಬನಾದ್ರೂ ಬಗ್ಗಿ ಎತ್ತಿದ್ನಾ?
ಮಾರುವವಳು ಬಾಯಿ ತೆರೆದು ನಿಂತಳು, ಅಷ್ಟೇ ಅವಳ ಪಾರ್ಟು.
ಬೈಯಲೂ ಇಲ್ಲ.
ಯಾವ ಊರವಳೋ."

ಎಲ್ಲರೂ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ವಿಠೋಬ ಗುನಗಿ.
ಮಫ್ತಿ, ಆದರೆ ಕಾಲಲ್ಲಿ ಅದೇ ಕಂದು ಬೂಟು.
ಮಂಡಿ ನೋವು, ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಾರೆ.
"ಹೇಗಿತ್ತು ಸಾಹೇಬ್ರೆ?"
"ಮೂವತ್ತಾರು ಜನ ಅಂದ್ರೆ ಮೂವತ್ತಾರು ವೂಂಡ್ ಸರ್ಟಿಫಿಕೇಟು.
ರಾತ್ರಿ ಆಸ್ಪತ್ರೆಯಲ್ಲಿ ಒಬ್ಬನೇ ಡಾಕ್ಟರು.
ಪಂಚರು ಬೇಕು, ಸಹಿ ಬೇಕು, ಜಪ್ತಿ ಪಟ್ಟಿ ಬೇಕು:
ಮುರಿದ ಕುರ್ಚಿ ಹದಿನಾಲ್ಕು, ಬುಟ್ಟಿ ಹನ್ನೊಂದು.
ಅವನು ಸಮುದ್ರ ನೋಡ್ತಾ ನಿಂತುಬಿಟ್ಟ.
ಯಾರು ಬರೀಬೇಕು ಅದನ್ನೆಲ್ಲ?"

ಹೆಂಡತಿ ಆಟೋ ಕೂಗಿದರು. ಅವರು ಕದಲಲಿಲ್ಲ.
"ಒಂದು ಮಾತ್ರ...
ಆ ಚಿಕ್ಕ ಹುಡುಗ ಸಿಕ್ಕಿಬಿದ್ದಾಗ
ಒದೆಯಲಿಕ್ಕೆ ಎತ್ತಿದ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿದನಲ್ಲ.
ಅದು ಕಷ್ಟ.
ಅದಕ್ಕೆ ಬಹಳ ಅಭ್ಯಾಸ ಬೇಕು.
ನನ್ನ ಕೈಲಿ ಒಮ್ಮೆ ಆಗಲಿಲ್ಲ."

ಆಟೋ ಹೋಯಿತು.
ಒಳಗೆ ಹೋಗಿ ಗುಡಿಸಿದೆ. ಶೇಂಗಾ ಸಿಪ್ಪೆ, ಕೂದಲ ಕ್ಲಿಪ್ಪು,
ಯಾರೋ ಬಿಟ್ಟ ಕೊಡೆ.
ಸೆಕೆಂಡ್ ಶೋ ಸಾಲು ಆಗಲೇ ಗೇಟಿನ ಸರಳು ಹಿಡಿದಿತ್ತು.
"ಹೇಗಿದೆ ಪಿಚ್ಚರು?"

ಕೊನೆಯ ಹತ್ತು ನಿಮಿಷ ಚೆನ್ನಾಗಿ ಬಲ್ಲ ನಾನು ಹೇಳಿದೆ:
"ಒಳ್ಳೆಯದಿದೆ.
ಕೊನೆಗೆ ಒಬ್ಬ ಬಗ್ಗಿ ಮೀನು ಆಯುತ್ತಾನೆ,
ಇನ್ನೊಬ್ಬ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬರೆದುಕೊಳ್ಳುತ್ತಾನೆ.
ನಡುವೆ ಎದ್ದು ಬರಬೇಡಿ."

ಸಾಲಿನ ತುದಿಯಲ್ಲಿ ಬೈತಖೋಲದ ಹುಡುಗ, ಮತ್ತೊಂದು ಟಿಕೆಟು ಹಿಡಿದು.
ಈ ಸಲ ಬುಟ್ಟಿ ಎಣಿಸುತ್ತಾನಂತೆ.