ಕಡ ಬಂದ ಹುಡುಗ

ಲೋನ್ ಮ್ಯಾಲೆ ಬಂದಾನೆ ಅಂದ್ರು ಮ್ಯಾನೇಜರ್ ಸಾಹೇಬ್ರು.
ಬೈಕ್ ಲೋನ್ ಗೊತ್ತು ನನಗೆ, ಬಂಗಾರದ ಲೋನ್ ಗೊತ್ತು,
ಮನುಷ್ಯನ್ನ ಹೆಂಗ್ರಿ ಲೋನ್ ಕೊಡ್ತಾರೆ?
ಫ್ರಾನ್ಸಿನ ಕ್ಲಬ್ಬಿನಾಗ ಅವ್ನಿಗೆ ಜಾಗ ಇಲ್ಲ ಎರ್ರಿಸ್ವಾಮಿ,
ಆರು ತಿಂಗಳು ನಮ್ಮ ಕಡೆ ಆಡ್ತಾನೆ, ಆಮೇಲೆ ವಾಪಸ್.
ಓ, ಕಡ. ಹಂಗನ್ರಿ.
ಪಕ್ಕದ ಮನೆಯಿಂದ ಒಂದು ಸೇರು ಜ್ವಾಳದ ಹಿಟ್ಟು ತಂದಂಗೆ.

ಇಪ್ಪತ್ತೊಂದು ವರ್ಷ. ಹೆಸರು ಎರ್ವಾನ್.
ಅರ್ಧ ಹೆಸರು ನಂದೇ.
ತೋರಣಗಲ್ಲಿನ ಬಿಸಿಲಿಗೆ ಮೊದಲ್ನೇ ದಿನವೇ
ಕಿವಿ ಎರಡೂ ಬ್ಯಾಡಗಿ ಮೆಣಸಿನಕಾಯಿ.
ಬಿಳೀ ಬೂಟು ಹಾಕ್ಕೊಂಡು ಬಂದಿದ್ದ, ಪಾಪ,
ಅದಿರು ಲಾರಿ ಓಡಾಡೋ ಊರಿಗೆ.

ನಂದು ಗೆರೆ ಎಳಿಯೋ ಕೆಲಸ.
ನಸುಕಿನಾಗ ಸುಣ್ಣದ ಬಂಡಿ ತಳ್ಳಿಕೊಂಡು
ಹದಿನಾರು ವರ್ಷ ಎಳ್ದೀನಿ, ಸೊಟ್ಟ ಆಗಿದ್ದು ಎರಡೇ ಸಲ.
ಒಂದು, ಮಗಳು ಹುಟ್ಟಿದ ದಿನ. ಇನ್ನೊಂದು ಹೇಳಲ್ಲ.
ಅವ್ನದು ಗೆರೆ ಕಾಯೋ ಕೆಲಸ.
ಗೋಲು ಹೊಡದೋರ ಫೋಟೊ ಪೇಪರಿನಾಗ ಬರ್ತೈತೆ,
ಆಗದೇ ಉಳಿದ ಗೋಲಿನ ಫೋಟೊ
ಯಾರು ತಗೀತಾರೆ?

ಒಂದಿನ ನೀರು ಕುಡಿಯೋ ಹೊತ್ತಿನಾಗ
ನನ್ನ ಬಂಡಿ ಇಸ್ಕೊಂಡು
ನೆಲದ ಮ್ಯಾಲೆ ತನ್ನ ಕಥಿ ಬರೆದ.
ಅಲೆ ಅಲೆ ಗೀಟು, ಅದು ಸಮುದ್ರ. ದೋಣಿ ಇದ್ದದ್ದು ಅಪ್ಪ.
ಸಣ್ಣ ಮನುಷ್ಯ, ಎಂಟು ವರ್ಷದ ತಾನು, ಬಗಲಾಗ ಚೆಂಡು.
ಆಮೇಲೆ ಒಂದು ಮೊಣಕಾಲು, ಅದರ ಮ್ಯಾಲೆ ಇಂಟು ಗುರುತು.
ಎಷ್ಟು ತಿಂಗಳು ಮಲಗಿದ್ದ ಅಂತ ಬೆರಳು ಬಿಚ್ಚಿದ.
ಹನ್ನೊಂದು. ಹತ್ತಕ್ಕೆ ಕೈ ಮುಗಿದವು,
ನನ್ನ ಬೆರಳು ಒಂದು ಹಿಡ್ಕೊಂಡ.
ಆಮೇಲೆ ಬರೇ ಬಾಣ. ಆ ಊರಿಗೆ ಕಡ, ಈ ಊರಿಗೆ ಕಡ,
ಕಡೇ ಬಾಣ ನನ್ನ ಚಪ್ಪಲಿ ಮುಂದ ನಿಂತಿತ್ತು.
ಅದನ್ನೆಲ್ಲ ತೊಳಿಯೋಕೆ ಒಂದು ತಾಸು ಹಿಡೀತು. ಬೈದೆ.

ಗೋವಾದೋರ ಜೊತೆ ಮ್ಯಾಚಿನಾಗ
ನಮ್ಮ ಗೋಲ್‌ಕೀಪರ್ ಮಾಬುಸಾಬ ಅಂಗಾತ ಬಿದ್ದಿದ್ದ,
ಚೆಂಡು ಬಾಡಿಗಿ ಮನಿ ಖಾಲಿ ಮಾಡೋರಂಗೆ
ನಿಧಾನಕ್ಕೆ ಉಳ್ಳಿಕೊಂಡು ಒಳಗ ಹೊಂಟಿತ್ತು.
ಎಲ್ಲಿಂದ ಬಂದನೋ ಈ ಹುಡುಗ,
ಹೊಟ್ಟಿ ಮ್ಯಾಲೆ ಜಾರಿ, ಕೆಂಪು ಧೂಳು ಎಬ್ಬಿಸಿ
ಹಿಮ್ಮಡಿಯಿಂದ ಎಳ್ದು ಹಾಕಿದ.
ಗೋಲ್ ಅಂತ ಅವ್ರು, ಇಲ್ಲ ಅಂತ ನಾವು.
ರೆಫ್ರಿ ಬಗ್ಗಿ ಗೆರೆ ನೋಡಿದ್ರು.
ಚೆಂಡಿನ ಹೊಟ್ಟಿಗೆ ನನ್ನ ಸುಣ್ಣ ಮೆತ್ತಿತ್ತು.
ಪೂರ್ತಿ ದಾಟಿಲ್ಲ ಅಂದ್ರೆ ದಾಟಿಲ್ಲ.
ಅವ್ನು ದೂರದಿಂದ ನನ್ನ ಕಡೆ ನೋಡಿ ನಕ್ಕ,
ಇಬ್ಬರೂ ಕೂಡಿ ಕಳವು ಮಾಡಿದೋರಂಗೆ.

ಮುಂದಿನ ವಾರ ಅದೇ ಗೋಲಿಗೆ
ತನ್ನ ಕಾಲಿಂದಲೇ ಹೊಡ್ಕೊಂಡ.
ರಾತ್ರಿ ಬಸ್‌ಸ್ಟ್ಯಾಂಡ್ ಹೋಟ್ಲಾಗ ವಗ್ಗಾಣಿ ತಿಂತ ಕಣ್ಣಾಗ ನೀರು,
ಮಿರ್ಚಿ ಕಡೆ ಬೆರಳು ತೋರಿಸಿದ.
ಹೌದಪ್ಪ, ಮಿರ್ಚಿನೇ, ಅಂದೆ.
ಅದನ್ನ ಅವ್ನಿನ್ನೂ ಮುಟ್ಟಿರಲಿಲ್ಲ.

ಆರು ತಿಂಗಳಿಗೆ ಅವ್ರ ಕ್ಲಬ್ಬು ಕರೀತು,
ಇನ್ನೊಬ್ಬರಿಗೆ ಕಡ ಕೊಡೋಕೆ ಅಂತೆ.
ಖಾಲಿ ಸೇರು ವಾಪಸ್ ಕೊಡಬಾರದು ಅಂತ
ಹುಲಿಗೆಮ್ಮ, ನನ್ನ ಹೆಂಡ್ತಿ, ಗುರೆಳ್ಳು ಪುಡಿ ಕಟ್ಟಿಕೊಟ್ಟಳು.
ಬೂಟು ತೊಳೀಲಿಲ್ಲ ಅವ್ನು. ಹಂಗೇ ಕೆಂಪಗೆ
ಚೀಲದಾಗ ಇಟ್ಕೊಂಡ.

ನಾನು ಈಗಲೂ ನಸುಕಿನಾಗ ಬಂಡಿ ತಳ್ತೀನಿ.
ಗೋಲ್ ಮುಂದ ಬಂದಾಗ ಗಾಲಿ ತಾನೇ ಸಾವಕಾಶ ಆಗ್ತೈತೆ.
ಎಲ್ಲಿ ಆಡ್ತಾನೋ, ಆಡ್ತಾನೋ ಇಲ್ಲೋ,
ಬೆಂಚಿನ ಮ್ಯಾಲೆ ಕುಂತು ಎಷ್ಟು ತಿಂಗಳು ಎಣಿಸ್ತಾನೋ.
ನನ್ನ ಒಂದು ಬೆರಳು
ಇನ್ನೂ ಅವ್ನ ಲೆಕ್ಕದಾಗ ಐತೆ.